ಅಟ್ಟದಿಂದ ಇಳಿಸಿದ ಸ್ಕೀ ಬೂಟು: ರಿಪೇರಿಯೋ, ಬೇರೆಯೋ?

ಪ್ರಶ್ನೆ: ನಾನು ಮುಳ್ಳೇರಿಯದವಳು, ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಹಿಂದೊಮ್ಮೆ ಔಲಿಯಲ್ಲಿ ಮೂರು ದಿನ ಸ್ಕೀಯಿಂಗ್ ಕಲಿತಿದ್ದೆ. ಬರುವ ಜನವರಿಯಲ್ಲಿ ಗೆಳತಿಯರ ಜೊತೆ ಗುಲ್ಮಾರ್ಗಿಗೆ ಹೋಗಿ ಒಂದು ವಾರ ಸರಿಯಾಗಿ ಕಲಿಯುವ ಆಸೆ ಇದೆ. ಅಣ್ಣ, ಅತ್ತಿಗೆ ಆಸ್ಟ್ರಿಯಾದಲ್ಲಿ ಇದ್ದಾಗ ಅತ್ತಿಗೆ ಬಳಸುತ್ತಿದ್ದ ಸ್ಕೀ ಬೂಟು ನಮ್ಮ ಅಟ್ಟದಲ್ಲಿದೆ. 2009ರಲ್ಲಿ ಕೊಂಡದ್ದು, ಐದಾರು ವರ್ಷ ಬಳಸಿದ್ದು, 2016ರಿಂದ ಇಲ್ಲೇ ಇದೆ. ಎಡಗಾಲಿನದ್ದರ ಒಂದು ಬಕಲ್ ಮುರಿದಿದೆ. ಹಿಮ್ಮಡಿ ಓರೆಯಾಗಿ ಸವೆದಿದೆ. ಒಳಗಿನ ಮೆತ್ತೆಗೆ ಬೂಷ್ಟು ಹಿಡಿದಿದೆ. ಕಾಲಿನ ಗಂಟಿನ ಹತ್ತಿರ ಕೂದಲೆಳೆಯಷ್ಟು ಬಿಳಿ ಗೆರೆ ಕಾಣುತ್ತದೆ. ಎರಡು ಜೊತೆ ಸಾಕ್ಸ್ ಹಾಕಿದರೆ ಅಳತೆ ಸರಿಯಾಗುತ್ತದೆ. ಇಲ್ಲಿಯ ಚಪ್ಪಲಿ ರಿಪೇರಿಯವರು ಎಲ್ಲ ಅಂಟಿಸಿ, ಹೊಲಿದು ಕೊಡುತ್ತೇನೆ ಎನ್ನುತ್ತಾರೆ. ಹೊಸತಕ್ಕೆ ತುಂಬಾ ದುಡ್ಡು. ಏನು ಮಾಡಲಿ?

ಉತ್ತರ: ಅಕ್ಕ, ಮೊದಲೇ ಹೇಳಿಬಿಡುತ್ತೇನೆ. ಈ ಬೂಟು ಹಾಕಿಕೊಂಡು ಹಿಮಕ್ಕೆ ಇಳಿಯಬೇಡಿ. ರಿಪೇರಿಗೆ ದುಡ್ಡು ಹಾಕಬೇಡಿ. ಹೊಸತನ್ನೂ ಈಗ ಕೊಳ್ಳಬೇಡಿ. ಮೂರಕ್ಕೂ ಬೇಡ ಎಂದರೆ ಸಿಟ್ಟು ಬರುತ್ತದೆ, ಗೊತ್ತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಾನು ಪೆರ್ಲದ ಕಡೆಯವನು. ಮನಾಲಿಯಲ್ಲಿ ಸ್ಕೀ ಸಾಮಾನು ಬಾಡಿಗೆಗೆ ಕೊಡುವ ಒಂದು ಅಂಗಡಿಯಲ್ಲಿ ಹನ್ನೊಂದು ಚಳಿಗಾಲ ದುಡಿದಿದ್ದೇನೆ. ಬೂಟು ಬಿಚ್ಚುವುದು, ಒಣಗಿಸುವುದು, ಬಕಲ್ ಬದಲಿಸುವುದು, ಬಂದವರ ಕಾಲಿಗೆ ಹೊಂದಿಸಿ ಕೊಡುವುದು, ಇಷ್ಟೇ ಕೆಲಸ. ಈಗ ಊರಿನಲ್ಲಿ ಟ್ರೆಕ್ಕಿಂಗ್ ಶೂ, ಬ್ಯಾಗು ರಿಪೇರಿ ಮಾಡಿಕೊಂಡಿದ್ದೇನೆ. ಕಾಸರಗೋಡಿನಲ್ಲಿ ಕುಳಿತು ಸ್ಕೀ ಬೂಟಿನ ಪ್ರಶ್ನೆಗೆ ಉತ್ತರಿಸುವ ದಿನ ಬರುತ್ತದೆ ಎಂದು ಎಣಿಸಿರಲಿಲ್ಲ.

ನೀವು ನಾಲ್ಕು ದೋಷ ಹೇಳಿದ್ದೀರಿ. ಬಕಲ್, ಹಿಮ್ಮಡಿ, ಬೂಷ್ಟು, ಬಿಳಿ ಗೆರೆ. ನೋಡಲು ದೊಡ್ಡದು ಬಕಲ್. ವಾಸನೆ ಹೊಡೆಯುವುದು ಬೂಷ್ಟು. ಆದರೆ ನನ್ನ ಕಣ್ಣು ಹೋದದ್ದು ಆ ಕೂದಲೆಳೆಯ ಗೆರೆಯ ಮೇಲೆ. ಇನ್ನೊಂದು, ನೀವು ದೋಷ ಎಂದು ಲೆಕ್ಕವೇ ಹಾಕದ ಮಾತಿನ ಮೇಲೆ. ಅದು ಎರಡು ಜೊತೆ ಸಾಕ್ಸ್. ಅದಕ್ಕೆ ಆಮೇಲೆ ಬರುತ್ತೇನೆ.

ಸ್ಕೀ ಬೂಟಿನ ಹೊರಗೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು ಇರುತ್ತದೆ. ಅದಕ್ಕೆ ಶೆಲ್ ಎನ್ನುತ್ತಾರೆ. ಅದರ ಮೇಲೆ ಮೊಣಕಾಲಿನ ಕೆಳಗೆ ಸುತ್ತಿಕೊಳ್ಳುವ ಭಾಗ ಕಫ್. ಒಳಗೆ ಕಳಚಿ ತೆಗೆಯಬಹುದಾದ ಮೆತ್ತನೆಯ ಬೂಟು, ಅಂದರೆ ಲೈನರ್. ಅಡಿಯಲ್ಲಿ ಮುಂದೆ ಮತ್ತು ಹಿಂದೆ ಸೋಲ್. ಉಳಿದದ್ದು ಬಕಲ್, ಪಟ್ಟಿ, ಸ್ಕ್ರೂ. ಇದರಲ್ಲಿ ಶೆಲ್ ಗಟ್ಟಿಮುಟ್ಟಾಗಿದ್ದರೆ ಬಾಕಿ ಎಲ್ಲವನ್ನೂ ಬದಲಾಯಿಸಬಹುದು. ಶೆಲ್ ಹೋಯಿತೋ, ಬಾಕಿ ಎಲ್ಲ ಹೊಸತಾಗಿದ್ದರೂ ಪ್ರಯೋಜನವಿಲ್ಲ. ಪಕ್ಕಾಸು ಗೆದ್ದಲು ತಿಂದ ಮನೆಗೆ ಹೊಸ ಹಂಚು ಹೊದೆಸಿದ ಹಾಗೆ ಆಗುತ್ತದೆ.

ಹಾಗಾದರೆ ಶೆಲ್ ಯಾಕೆ ಹೋಗುತ್ತದೆ? ಜನ ಜಾಸ್ತಿ ಬಳಸಿದರೆ ಹೋಗುತ್ತದೆ ಎಂದುಕೊಳ್ಳುತ್ತಾರೆ. ಬಳಕೆಯಿಂದಲೂ ಹೋಗುತ್ತದೆ, ಸರಿ. ಆದರೆ ನಮ್ಮ ಊರಿನಲ್ಲಿ ಸುಮ್ನೆ ಇಟ್ಟರೂ ಹೋಗುತ್ತದೆ. ಇದನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಲ್ಫಿನಿಂದ ಬಂದ ಭಾವ ಒಂದು ಜೊತೆ ಒಳ್ಳೆಯ ಶೂ ತಂದು ಕೊಡುತ್ತಾರೆ. ಹಾಳಾಗಬಾರದು ಎಂದು ಪೆಟ್ಟಿಗೆಯಲ್ಲೇ ಇಟ್ಟು ಮದುವೆಗೆ ಮಾತ್ರ ತೆಗೆಯುತ್ತೇವೆ. ನಾಲ್ಕನೇ ವರ್ಷ ಮದುವೆ ಹಾಲಿನ ಮೆಟ್ಟಿಲು ಹತ್ತುವಾಗ ಅಡಿ ಕಳಚಿ ಬೀಳುತ್ತದೆ. ಒಳಗಿನ ಸ್ಪಂಜು ಮುಟ್ಟಿದರೆ ಅವಲಕ್ಕಿ ಪುಡಿಯ ಹಾಗೆ ಉದುರುತ್ತದೆ. ಡೂಪ್ಲಿಕೇಟ್ ಮಾಲು ತಂದ ಎಂದು ಭಾವನಿಗೆ ಬೈಗುಳ. ಪಾಪ, ಮಾಲು ಡೂಪ್ಲಿಕೇಟ್ ಆಗಿರಲಿಲ್ಲ. ಇಂಥ ಶೂಗಳು ನನ್ನ ಅಂಗಡಿಗೆ ಪ್ರತಿ ಮಳೆಗಾಲದಲ್ಲೂ ಬರುತ್ತವೆ.

ಆ ಸ್ಪಂಜು ಪಾಲಿಯುರಥೇನ್ ಎಂಬ ಪ್ಲಾಸ್ಟಿಕ್ಕಿನದ್ದು. ಪ್ಲಾಸ್ಟಿಕ್ ಎಂದರೆ ಉದ್ದುದ್ದದ ಸರಪಳಿಗಳು ಹೆಣೆದುಕೊಂಡದ್ದು. ಗಾಳಿಯ ತೇವ ನಿಧಾನವಾಗಿ ಒಳಗೆ ಇಳಿದು ಆ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಇದಕ್ಕೆ ಹೈಡ್ರಾಲಿಸಿಸ್ ಎನ್ನುತ್ತಾರೆ. ತೇವದ ಜೊತೆ ಸೆಖೆಯೂ ಸೇರಿದರೆ ಕೆಲಸ ಬೇಗ ಮುಗಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬಣ್ಣ ಹಾಗೇ, ಹೊಳಪು ಹಾಗೇ. ಭಾರ ಬಿದ್ದ ದಿನ ಗೊತ್ತಾಗುತ್ತದೆ.

ಒಳ್ಳೆಯ ಸ್ಕೀ ಬೂಟುಗಳ ಶೆಲ್ ಕೂಡ ಹೆಚ್ಚಾಗಿ ಪಾಲಿಯುರಥೇನ್‌ನದ್ದೇ. ಆದರೆ ಎಲ್ಲ ಪಾಲಿಯುರಥೇನ್ ಒಂದೇ ಅಲ್ಲ. ಎಸ್ಟರ್ ಜಾತಿಯದ್ದಕ್ಕೆ ನೀರು ಕಂಡರೆ ಆಗುವುದಿಲ್ಲ. ಈಥರ್ ಜಾತಿಯದ್ದು ನೀರನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಶೆಲ್‌ಗೆ ಬಳಸುವುದು ಸಾಮಾನ್ಯವಾಗಿ ಈ ಎರಡನೆಯದ್ದು. ಹಾಗಾಗಿ ಗಲ್ಫ್ ಶೂವಿನ ಹಾಗೆ ನಾಲ್ಕೇ ವರ್ಷಕ್ಕೆ ಪುಡಿಯಾಗುವುದಿಲ್ಲ. ಆದರೂ ಹಿಮದ ಮೇಲಿನ ಬಿಸಿಲು, ತಿರುಗಿದಾಗಲೆಲ್ಲ ಬಾಗುವುದು, ಚಳಿ, ಆಮೇಲೆ ವರ್ಷಗಟ್ಟಲೆ ತೇವ, ಇವೆಲ್ಲ ಸೇರಿ ಅದಕ್ಕೂ ವಯಸ್ಸಾಗುತ್ತದೆ. ಅಗ್ಗದ ಬೂಟುಗಳಲ್ಲಿ ಪಾಲಿಪ್ರೊಪಿಲೀನ್ ಜಾತಿಯ ಶೆಲ್ ಇರುತ್ತದೆ. ಅದಕ್ಕೆ ನೀರಿನ ಭಯ ಇಲ್ಲ, ಬಿಸಿಲಿನ ಭಯ ಇದೆ.

ಈಗ ನಿಮ್ಮ ಅಟ್ಟದ ಲೆಕ್ಕ ಹಾಕೋಣ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮರದ ಕಪಾಟಿನಲ್ಲಿ ಇಟ್ಟ ಬೆಲ್ಟಿಗೂ ಬೂಷ್ಟು. ಏಪ್ರಿಲ್ ಬಂದರೆ ಹಂಚಿನ ಮಾಡಿನ ಕೆಳಗೆ ಹತ್ತು ನಿಮಿಷ ನಿಲ್ಲಲು ಆಗುವುದಿಲ್ಲ. ಪ್ಲಾಸ್ಟಿಕ್ ಬೇಗ ಹಣ್ಣಾಗಬೇಕು ಎಂದು ಯಾರಾದರೂ ಬೇಕೆಂದೇ ಒಂದು ಕೋಣೆ ಕಟ್ಟಿದರೆ ಅದು ನಮ್ಮ ಅಟ್ಟದ ಹಾಗೇ ಇರುತ್ತದೆ. ಲೈನರ್‌ನಲ್ಲಿ ಬೂಷ್ಟು ಇದೆ ಎಂದಿರಿ. ಅದಕ್ಕೆ ಬೇಕಾದಷ್ಟು ತೇವ ಆ ಶೆಲ್ಲಿನೊಳಗೆ ವರ್ಷಗಟ್ಟಲೆ ಇತ್ತು ಎಂದೇ ಅರ್ಥ, ಅಲ್ವಾ?

ಇದನ್ನು ನಾನು ಓದಿ ಕಲಿತದ್ದಲ್ಲ. ಮನಾಲಿ ಬಿಟ್ಟು ಬರುವಾಗ ನನ್ನದೇ ಒಂದು ಜೊತೆ ಬೂಟು ನೆನಪಿಗೆಂದು ತಂದಿದ್ದೆ. ಅಡಿಕೆ ಗೋಣಿಗಳ ಪಕ್ಕ ಅಟ್ಟದಲ್ಲಿ ಇಟ್ಟು ಮರೆತುಬಿಟ್ಟೆ. ಎಂಟು ಮಳೆಗಾಲ ಕಳೆಯಿತು. ಒಂದು ದಿನ ಅಕ್ಕನ ಮಗ ಹಟ ಹಿಡಿದ. ಮಾವಾ, ಸ್ಕೀ ಮಾಡುವುದು ಹೇಗೆ ಅಂತ ತೋರಿಸು ಎಂದ. ಬೂಟು ಇಳಿಸಿ, ಒರೆಸಿ, ಹಾಕಿಕೊಂಡು ಅಂಗಳಕ್ಕೆ ಇಳಿದೆ. ಮೊಣಕಾಲು ಮುಂದಕ್ಕೆ ಬಾಗಿಸಿ ನಿಂತು ತೋರಿಸಿದೆ. ಟಪ್ ಎಂದು ಸದ್ದಾಯಿತು. ಬಲಗಾಲಿನ ಶೆಲ್ ಗಂಟಿನ ರಿವೆಟ್ಟಿನಿಂದ ಹಿಮ್ಮಡಿಯ ತನಕ ಸೀಳಿತು. ಅಂಚು ನೋಡಿದರೆ ಒಣ ಹಪ್ಪಳ ಮುರಿದ ಹಾಗೆ. ಒಂದು ಚೂರೂ ಬಾಗಿರಲಿಲ್ಲ, ನೇರವಾಗಿ ಒಡೆದಿತ್ತು. ಹಿಂದಿನ ದಿನ ನಾನೇ ಕೈಯಲ್ಲಿ ಹಿಡಿದು ಬೂಟು ಹೊಸತರ ಹಾಗೇ ಇದೆ ಎಂದಿದ್ದೆ. ಅಂಗಳದಲ್ಲಿ ಆದದ್ದಕ್ಕೆ ಮನೆಯವರೆಲ್ಲ ನಕ್ಕರು. ಇಳಿಜಾರಿನಲ್ಲಿ ಆಗಿದ್ದರೆ ಕಾಲಿಗೆ ಪ್ಲಾಸ್ಟರ್ ಬೀಳುತ್ತಿತ್ತು.

ಅದಕ್ಕೇ ನಿಮ್ಮ ಬಿಳಿ ಗೆರೆ ನನಗೆ ಹೆದರಿಕೆ ಹುಟ್ಟಿಸುತ್ತದೆ. ಅದು ಬರೀ ಗೀರೋ, ಬಿರುಕೋ ಎಂದು ಮನೆಯಲ್ಲೇ ನೋಡಬಹುದು. ಲೈನರ್ ಹೊರಗೆ ತೆಗೆಯಿರಿ. ಗೆರೆಯ ಮೇಲೆ ಒಂದು ಹನಿ ತೆಂಗಿನೆಣ್ಣೆ ಸವರಿ. ಮೇಲ್ಮೈಯ ಗೀರಾದರೆ ಎಣ್ಣೆ ತುಂಬಿಕೊಂಡು ಗೆರೆ ಮಾಯವಾದಂತೆ ಕಾಣುತ್ತದೆ. ಒಳಗೇ ಪ್ಲಾಸ್ಟಿಕ್ ಬೆಳ್ಳಗಾಗಿದ್ದರೆ ಎಣ್ಣೆ ಸವರಿದರೂ ಹಾಗೇ ಉಳಿಯುತ್ತದೆ. ಆಮೇಲೆ ಎಣ್ಣೆ ಒರೆಸಿ. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಶೆಲ್ಲಿನ ಒಳಗೆ ಇಟ್ಟು ಹೊರಗಿನಿಂದ ನೋಡಿ. ಕಪ್ಪು ಶೆಲ್ ಆದರೆ ಬೆಳಕು ದಾಟುವುದು ಕಷ್ಟ, ಆದರೆ ಬಿರುಕು ಇದ್ದ ಕಡೆ ಸಣ್ಣ ಎಳೆ ಮಿನುಗಿದರೆ ತೀರಿತು. ಕೊನೆಗೆ ಶೆಲ್ಲಿನ ಎರಡು ಅಂಚು ಹಿಡಿದು ಮೆಲ್ಲನೆ ಅಗಲಿಸಿ. ಗೆರೆ ದಪ್ಪಗಾದರೆ ಅದು ಬಿರುಕೇ. ಕಾಲು ಒಳಗೆ ಇಟ್ಟುಕೊಂಡು ಮಾತ್ರ ಈ ಪರೀಕ್ಷೆ ಮಾಡಬೇಡಿ. ನನ್ನ ಹಾಗೆ ಆಗುವುದು ಬೇಡ.

ಬಿರುಕು ಹುಡುಕಬೇಕಾದ ಜಾಗ ಎಲ್ಲ ಬೂಟಿನಲ್ಲೂ ಹೆಚ್ಚುಕಡಿಮೆ ಅದೇ. ಕಫ್ ತಿರುಗುವ ಗಂಟಿನ ರಿವೆಟ್ಟಿನ ಸುತ್ತ, ಬಕಲ್ ಕೂರಿಸಿದ ತೂತುಗಳ ಸುತ್ತ, ಪಾದದ ಮೇಲೆ ಶೆಲ್ಲಿನ ಎರಡು ರೆಕ್ಕೆ ಒಂದರ ಮೇಲೊಂದು ಬರುವಲ್ಲಿ, ಮತ್ತೆ ಬೆರಳಿನ ಮುಂದೆ ಚಾಚಿಕೊಂಡ ತುದಿಯಲ್ಲಿ. ಮುಟ್ಟಿದಾಗ ಅಂಟಂಟು ಇದ್ದರೆ, ಬಿಳಿಯ ಬೂಟು ಹಳದಿಯಾಗಿದ್ದರೆ, ಅದೂ ವಯಸ್ಸಿನ ಗುರುತೇ. ಅನೇಕ ಬೂಟುಗಳ ಶೆಲ್ಲಿನ ಒಳಗೆ ಅಚ್ಚಿನಲ್ಲೇ ಮೂಡಿಸಿದ ಒಂದು ಸಣ್ಣ ಗಡಿಯಾರದಂಥ ವೃತ್ತ ಇರುತ್ತದೆ. ಮಧ್ಯದಲ್ಲಿ ವರ್ಷ, ಸುತ್ತ ತಿಂಗಳು, ಒಂದು ಬಾಣದ ಗುರುತು. ಪ್ಲಾಸ್ಟಿಕ್ ಅಚ್ಚು ಹೊಯ್ದ ದಿನ ಅದು. ಕೊಂಡದ್ದು 2009ರಲ್ಲಾದರೂ ಮಾಡಿದ್ದು ಅದಕ್ಕೂ ಮೊದಲು ಇರಬಹುದು. ಹಳೆಯ ಸ್ಟಾಕಿಗೆ ರಿಯಾಯಿತಿ ಎಲ್ಲ ಊರಿನಲ್ಲೂ ಇದೆ.

ಇದರ ಜೊತೆ ಚಳಿಯ ಲೆಕ್ಕವೂ ಇದೆ. ನೀವು ಈ ಬೂಟನ್ನು ನೋಡುತ್ತಿರುವುದು ಮೂವತ್ತು ಡಿಗ್ರಿ ಸೆಖೆಯಲ್ಲಿ. ಬಳಸುವುದು ಸೊನ್ನೆಗಿಂತ ಕೆಳಗೆ. ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿಯ ರೋಪ್‌ವೇ, ಅಂದರೆ ಗೊಂಡೋಲಾದ ಎರಡನೇ ಹಂತ 3,900 ಮೀಟರಿಗೂ ಮೇಲೆ, ಅಫರ್ವತ್ ಬೆಟ್ಟದವರೆಗೆ ಹೋಗುತ್ತದೆ. ಪ್ಲಾಸ್ಟಿಕ್ ಚಳಿಗೆ ಬಿಗಿಯಾಗುತ್ತದೆ. ಮುದಿ ಪ್ಲಾಸ್ಟಿಕ್ ಬಿಗಿಯಾಗುವುದು ಮಾತ್ರ ಅಲ್ಲ, ಮಡಕೆಯ ಹಾಗೆ ಆಗುತ್ತದೆ. ಮುಳ್ಳೇರಿಯದ ಅಂಗಳದಲ್ಲಿ ತಡೆದ ಬೂಟು ಅಲ್ಲಿ ತಡೆಯುತ್ತದೆ ಎನ್ನುವ ಹಾಗಿಲ್ಲ.

ಅಂಟಿಸಿದರೆ ಆಗದೇ ಎಂದು ಕೇಳಿದಿರಿ. ಬಿರುಕಿಗೆ ಆರಾಲ್ಡೈಟ್, ಎಂ-ಸೀಲ್, ಫೆವಿಕ್ವಿಕ್ ಯಾವುದೂ ಆಗುವುದಿಲ್ಲ. ಸ್ಕೀ ಮಾಡುವಾಗ ಪ್ರತಿ ತಿರುವಿನಲ್ಲೂ ನೀವು ಮೊಣಗಂಟಿನಿಂದ ಬೂಟನ್ನು ಮುಂದಕ್ಕೆ ಒತ್ತುತ್ತೀರಿ. ಶೆಲ್ ಬಾಗಿ ವಾಪಸ್ ಬರುತ್ತದೆ. ಒಂದು ಬೆಳಗ್ಗೆಯಲ್ಲೇ ನೂರಾರು ಸಲ. ಗಟ್ಟಿಯಾಗಿ ಕೂತ ಅಂಟು ಅಷ್ಟು ಬಾಗುವುದಿಲ್ಲ, ಬಿಟ್ಟುಕೊಡುತ್ತದೆ. ಪಾಲಿಪ್ರೊಪಿಲೀನ್ ಆಗಿದ್ದರಂತೂ ಅಂಟು ಹಿಡಿಯುವುದೇ ಇಲ್ಲ. ತಗಡಿನ ತುಂಡು ಇಟ್ಟು ರಿವೆಟ್ ಹೊಡೆದರೆ ಬಿರುಕು ಆ ತುಂಡಿನ ಅಂಚಿನಿಂದ ಮುಂದುವರಿಯುತ್ತದೆ.

ನಿಮ್ಮ ಚಪ್ಪಲಿ ರಿಪೇರಿಯವರ ಕೈಗೆ ನಾನು ಕಡಿಮೆ ಹೇಳುತ್ತಿಲ್ಲ. 1960ರ ದಶಕದವರೆಗೆ ಸ್ಕೀ ಬೂಟು ಚರ್ಮದ್ದೇ ಆಗಿತ್ತು. ಅಂಥದ್ದಾಗಿದ್ದರೆ ನಾನೇ ಅವರಲ್ಲಿಗೆ ಕಳಿಸುತ್ತಿದ್ದೆ. ಹೊಲಿಗೆ, ಅಡಿ, ಹಿಮ್ಮಡಿ, ಎಲ್ಲ ಅವರ ಕೆಲಸವೇ. ಆ ದಶಕದಲ್ಲಿ ಬಾಬ್ ಲಾಂಗೆ ಎಂಬ ಅಮೆರಿಕದವರು ಪ್ಲಾಸ್ಟಿಕ್ ಬೂಟನ್ನು ಮಾರುಕಟ್ಟೆಗೆ ತಂದರು. ಅಲ್ಲಿಂದ ಬೂಟು ಮೋಚಿಯ ಕೈ ತಪ್ಪಿ ಅಚ್ಚಿನ ಕಾರ್ಖಾನೆಗೆ ಹೋಯಿತು.

ಹಿಮ್ಮಡಿಯ ವಿಚಾರವೂ ಹೀಗೆಯೇ. ಚಪ್ಪಲಿಯ ಹಿಮ್ಮಡಿ ಸವೆದರೆ ರಬ್ಬರ್ ತುಂಡು ಅಂಟಿಸಿ ಸಾಣೆ ಹಿಡಿದರೆ ಮುಗಿಯಿತು. ಸ್ಕೀ ಬೂಟಿನ ಅಡಿ ಮಾತ್ರ ಬರೀ ಅಡಿ ಅಲ್ಲ. ಅದು ಒಂದು ಯಂತ್ರದ ಅರ್ಧ ಭಾಗ. ಇನ್ನರ್ಧ ಸ್ಕೀ ಹಲಗೆಯ ಮೇಲಿರುವ ಬೈಂಡಿಂಗ್. ಬೂಟಿನ ಮುಂದಿನ ತುದಿ, ಹಿಂದಿನ ತುದಿ ಎರಡನ್ನೂ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ನೀವು ಬಿದ್ದಾಗ, ಕಾಲು ತಿರುಚುವ ಹೊತ್ತಿಗೆ, ಆ ಸ್ಪ್ರಿಂಗ್ ಬೂಟನ್ನು ಬಿಟ್ಟುಬಿಡಬೇಕು. ಬಿಡದಿದ್ದರೆ ಹಲಗೆ ಕಾಲನ್ನು ಹಿಡಿದು ತಿರುಚುತ್ತದೆ, ಮೊಣಗಂಟು ಅಥವಾ ಮೂಳೆ ಹೋಗುತ್ತದೆ. ಬೇಡದಾಗ ಬಿಟ್ಟರೂ ಕಷ್ಟ, ವೇಗದಲ್ಲಿ ಹಲಗೆ ಕಳಚಿಕೊಳ್ಳುತ್ತದೆ.

ಇದು ಸರಿಯಾಗಿ ನಡೆಯಬೇಕಾದರೆ ಬೂಟಿನ ತುದಿಗಳ ಅಳತೆ ಕರಾರುವಾಕ್ಕಾಗಿ ಇರಬೇಕು. ಸಾಮಾನ್ಯ ಆಲ್ಪೈನ್, ಅಂದರೆ ಇಳಿಜಾರಿನಲ್ಲಿ ಜಾರುವ ಸ್ಕೀ ಬೂಟಿಗೆ ಐಎಸ್‌ಒ 5355 ಎಂಬ ಮಾನದಂಡ ಇದೆ. ದೊಡ್ಡವರ ಬೂಟಿನಲ್ಲಿ ಮುಂದಿನ ತುದಿಯ ದಪ್ಪ 19 ಮಿಲಿಮೀಟರ್, ಹಿಂದಿನದ್ದು 30 ಮಿಲಿಮೀಟರ್. ಒಂದು ಮಿಲಿಮೀಟರ್ ಆಚೀಚೆ ನಡೆಯುತ್ತದೆ, ಅಷ್ಟೇ. ಮರಗೆಲಸದವರ ಹತ್ತಿರ ವರ್ನಿಯರ್ ಇದ್ದರೆ ಇಸಕೊಂಡು ಅಳೆದು ನೋಡಿ. ಕಣ್ಣಿಗೇ ಓರೆ ಕಾಣುತ್ತದೆ ಎಂದರೆ ನಿಮ್ಮದು ಖಂಡಿತ ಆ ಗಡಿ ದಾಟಿದೆ. ಹೀಗೆ ಸವೆಯುವುದು ಹಿಮದಲ್ಲಿ ಅಲ್ಲ. ಕಾರು ನಿಲ್ಲಿಸಿದಲ್ಲಿಂದ ಡಾಂಬರಿನ ಮೇಲೆ, ಹೋಟೆಲಿನ ಸಿಮೆಂಟ್ ಮೆಟ್ಟಿಲ ಮೇಲೆ ಬೂಟು ಹಾಕಿಕೊಂಡೇ ನಡೆದಾಗ.

ಕೆಲವು ಬೂಟುಗಳಲ್ಲಿ ಮುಂದಿನ, ಹಿಂದಿನ ಅಡಿ ಸ್ಕ್ರೂ ಹಾಕಿ ಕೂರಿಸಿದ್ದು. ತಿರುಗಿಸಿ ನೋಡಿ. ಅಡಿಯಲ್ಲಿ ಸ್ಕ್ರೂವಿನ ತಲೆ ಕಂಡರೆ ಅದೇ ಕಂಪನಿಯ, ಅದೇ ಮಾಡೆಲಿನ ಹೊಸ ತುಂಡು ಹಾಕಬಹುದು. ಹದಿನೈದು ವರ್ಷ ದಾಟಿದ ಮಾಡೆಲಿಗೆ ಅದು ಸಿಗುವುದು ಅಷ್ಟು ಸುಲಭ ಅಲ್ಲ. ಸ್ಕ್ರೂ ಇಲ್ಲದೆ ಶೆಲ್ ಮತ್ತು ಅಡಿ ಒಂದೇ ಅಚ್ಚಿನದ್ದಾದರೆ ಅಡಿ ಸವೆದ ದಿನ ಬೂಟಿನ ಆಯುಸ್ಸೂ ಮುಗಿಯಿತು. ರಬ್ಬರ್ ಅಂಟಿಸುವುದಂತೂ ಬೇಡವೇ ಬೇಡ. ಬೈಂಡಿಂಗ್‌ನ ಮುಂಭಾಗದಲ್ಲಿ ಬೂಟು ಪಕ್ಕಕ್ಕೆ ನುಣ್ಣಗೆ ಜಾರಲಿ ಎಂದೇ ಒಂದು ಪಟ್ಟಿ ಇಟ್ಟಿರುತ್ತಾರೆ. ಅದರ ಮೇಲೆ ಚಪ್ಪಲಿಯ ರಬ್ಬರ್ ಕೂತರೆ ಜಾರುವುದಿಲ್ಲ. ಜಾರದಿದ್ದರೆ ಬಿಡುವುದಿಲ್ಲ.

ಬಕಲ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಅದು ಇಡೀ ಬೂಟಿನಲ್ಲೇ ಸುಲಭದ ರಿಪೇರಿ. ಸ್ಕ್ರೂ ಹಾಕಿದ್ದಾದರೆ ಐದು ನಿಮಿಷ, ರಿವೆಟ್ ಆದರೆ ಕೊರೆದು ತೆಗೆದು ಬೋಲ್ಟ್ ಹಾಕಿದರೆ ಆಯಿತು. ಬಕಲ್ ಮುರಿಯಿತು ಎಂದು ಬೂಟು ಬಿಸಾಡಿದವರನ್ನು ನಾನು ಮನಾಲಿಯಲ್ಲಿ ನೋಡಿದ್ದೇನೆ. ಬೂಟು ಬಿರುಕು ಬಿಟ್ಟರೂ ಬಕಲ್ ಸರಿ ಇದೆ ಎಂದು ಹಾಕಿಕೊಂಡವರನ್ನೂ ನೋಡಿದ್ದೇನೆ.

ಲೈನರ್‌ಗೆ ಬೂಷ್ಟು ಮಾತ್ರ ಆಗಿದ್ದರೆ ಉಳಿಸಬಹುದಿತ್ತು. ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು, ಬೂಷ್ಟಿನ ಮೇಲೆ ನೀರು ಬೆರೆಸಿದ ವಿನಿಗರ್, ಆಮೇಲೆ ನೆರಳಲ್ಲಿ ಫ್ಯಾನಿನ ಕೆಳಗೆ ಎರಡು ದಿನ. ಅಡಿಕೆಯ ಜೊತೆ ಅಂಗಳದ ಬಿಸಿಲಿಗೆ ಹರಡಬೇಡಿ, ಮೆತ್ತೆ ಕುಗ್ಗಿ ಹೋಗುತ್ತದೆ. ಆದರೆ ಐದಾರು ಚಳಿಗಾಲ ಬಳಸಿದ ಲೈನರ್ ಅತ್ತಿಗೆಯ ಪಾದದ ಆಕಾರಕ್ಕೆ ಒತ್ತಿಹೋಗಿರುತ್ತದೆ. ಒತ್ತಿಹೋದ ಸ್ಪಂಜು ತೊಳೆದರೆ ಎದ್ದು ಬರುವುದಿಲ್ಲ. ಹೊಸ ಲೈನರ್ ಬೇರೆಯಾಗಿ ಸಿಗುತ್ತದೆ, ಬಿಸಿ ಮಾಡಿ ಪಾದಕ್ಕೆ ಹೊಂದಿಸಿಕೊಳ್ಳುವಂಥದ್ದೂ ಇದೆ. ಒಳ್ಳೆಯ ಶೆಲ್ ಇದ್ದವರಿಗೆ ಅದು ಒಳ್ಳೆಯ ಖರ್ಚು.

ಈಗ ಎರಡು ಜೊತೆ ಸಾಕ್ಸಿನ ಮಾತು. ಬಿರುಕು, ಹಿಮ್ಮಡಿ ಎಲ್ಲ ಬದಿಗಿಡಿ. ಬೂಟು ನಿನ್ನೆ ಕಾರ್ಖಾನೆಯಿಂದ ಬಂದಿದ್ದರೂ ಇದೊಂದೇ ಕಾರಣಕ್ಕೆ ನಾನು ಬೇಡ ಎನ್ನುತ್ತಿದ್ದೆ. ಎರಡು ಸಾಕ್ಸ್ ಬೇಕಾಗುತ್ತದೆ ಎಂದರೆ ಬೂಟು ದೊಡ್ಡದು. ಬೇರೆ ಶೂ ಒಂದು ನಂಬರ್ ದೊಡ್ಡದಿದ್ದರೆ ನಡೆಯುತ್ತದೆ. ಸ್ಕೀ ಬೂಟು ನಡೆಯುವುದಿಲ್ಲ. ನೀವು ಪಾದ ತಿರುಗಿಸಿದರೆ ಹಲಗೆ ತಿರುಗಬೇಕು. ದೊಡ್ಡ ಬೂಟಿನಲ್ಲಿ ಪಾದ ಮಾತ್ರ ತಿರುಗುತ್ತದೆ, ಬೂಟು ಇದ್ದಲ್ಲೇ. ಅದನ್ನು ಸರಿ ಮಾಡಲು ಬಕಲ್ ಬಿಗಿ ಮಾಡುತ್ತೀರಿ. ರಕ್ತ ಓಡಾಡುವುದಿಲ್ಲ, ಬೆರಳು ತಣ್ಣಗಾಗುತ್ತದೆ. ಚಳಿ ಎಂದು ಇನ್ನೊಂದು ಸಾಕ್ಸ್ ಹಾಕುತ್ತೀರಿ. ಎರಡು ಸಾಕ್ಸ್ ಒಳಗೊಳಗೇ ಮಡಚಿ, ಉಜ್ಜಿ, ಬೊಕ್ಕೆ ಏಳುತ್ತದೆ. ನನಗೆ ಸ್ಕೀಯಿಂಗ್ ಆಗುವುದಿಲ್ಲಪ್ಪಾ ಎಂದು ಎರಡನೇ ದಿನ ಕೈಬಿಟ್ಟವರಲ್ಲಿ ಅರ್ಧಕ್ಕರ್ಧ ಜನಕ್ಕೆ ತೊಂದರೆ ಇದ್ದದ್ದು ಬೂಟಿನದ್ದೇ ಎಂದು ನನ್ನ ಅನುಭವ.

ಸರಿಯಾದ ಅಳತೆ ನೋಡುವುದು ಹೀಗೆ. ಗೋಡೆಗೆ ಹಿಮ್ಮಡಿ ಒತ್ತಿ ಕಾಗದದ ಮೇಲೆ ನಿಂತು, ಉದ್ದದ ಬೆರಳಿನ ತುದಿಗೆ ಗುರುತು ಹಾಕಿ. ಎರಡೂ ಕಾಲು ಅಳೆಯಿರಿ, ದೊಡ್ಡದನ್ನು ಹಿಡಿಯಿರಿ. ಸೆಂಟಿಮೀಟರಿನಲ್ಲಿ ಬಂದ ಅಳತೆಯೇ ಸ್ಕೀ ಬೂಟಿನ ನಂಬರ್. 24.5 ಸೆಂಟಿಮೀಟರ್ ಆದರೆ 24.5. ಇದಕ್ಕೆ ಮಾಂಡೊಪಾಯಿಂಟ್ ಎಂದು ಹೆಸರು. ಹೆಚ್ಚಿನ ಕಂಪನಿಗಳಲ್ಲಿ 24 ಮತ್ತು 24.5ಕ್ಕೆ ಶೆಲ್ ಒಂದೇ. ಹಾಗಾಗಿ ಅರ್ಧ ನಂಬರ್ ದೊಡ್ಡದು ಕೊಡುತ್ತೇನೆ ಎಂದು ಅಂಗಡಿಯವರು ಹೇಳಿದರೆ ಖುಷಿಪಡಲು ಏನೂ ಇಲ್ಲ.

ಆಮೇಲೆ ಲೈನರ್ ತೆಗೆದು ಬರೀ ಶೆಲ್ಲಿನೊಳಗೆ ಕಾಲಿಡಿ. ಬೆರಳು ಮುಂದೆ ತಾಗುವ ತನಕ ಸರಿಸಿ. ಹಿಮ್ಮಡಿಯ ಹಿಂದೆ ಉಳಿದ ಜಾಗ ನೋಡಿ. ಒಂದೂವರೆ, ಎರಡು ಸೆಂಟಿಮೀಟರ್ ಇದ್ದರೆ ಕಲಿಯುವವರಿಗೆ ಸರಿ. ಎರಡು ಬೆರಳು ಆರಾಮವಾಗಿ ಹೋಗಿ ಮೂರನೆಯದಕ್ಕೂ ಜಾಗ ಇದ್ದರೆ ದೊಡ್ಡದು. ಅತ್ತಿಗೆಯ ಬೂಟಿನಲ್ಲಿ ಇದನ್ನು ಒಮ್ಮೆ ಮಾಡಿ ನೋಡಿ, ಸುಮ್ನೆ ಕುತೂಹಲಕ್ಕೆ. ಭಾರ ಹಾಕದೆ, ಕುಳಿತುಕೊಂಡು.

ಹಾಗಾದರೆ ಗುಲ್ಮಾರ್ಗಿನಲ್ಲಿ ಏನು ಮಾಡುವುದು? ಬಾಡಿಗೆಗೆ ತೆಗೆದುಕೊಳ್ಳಿ. ವರ್ಷಕ್ಕೆ ಒಂದು ವಾರ ಸ್ಕೀ ಮಾಡುವವರಿಗೆ ಸ್ವಂತ ಬೂಟು ನಮ್ಮ ಊರಿನಲ್ಲಿ ಲಾಭದ ಮಾತೇ ಅಲ್ಲ. ಉಳಿದ ಐವತ್ತೊಂದು ವಾರ ಅದು ಮತ್ತೆ ಅದೇ ತೇವದಲ್ಲಿ ಕೂತಿರುತ್ತದೆ. ಒಂದು ಜೊತೆ ನಾಲ್ಕೈದು ಕಿಲೋ ಭಾರ ಬೇರೆ, ಇಲ್ಲಿಂದ ಶ್ರೀನಗರಕ್ಕೆ ಹೊರಬೇಕು.

ಬಾಡಿಗೆ ಬೂಟೆಂದು ಕಣ್ಣು ಮುಚ್ಚಿ ಹಾಕಿಕೊಳ್ಳಬೇಡಿ. ನಾನೇ ಕೊಡುತ್ತಿದ್ದವನು, ಹಾಗಾಗಿ ಹೇಳುತ್ತೇನೆ. ಬಾಡಿಗೆ ಅಂಗಡಿಯ ಹಿಂದಿನ ಸಾಲಿನಲ್ಲಿ ನಿಮ್ಮ ಅತ್ತಿಗೆಯ ಬೂಟಿಗಿಂತ ಹಳೆಯದೂ ಇರಬಹುದು. ಬೆಳಗ್ಗೆ ಗಡಿಬಿಡಿಯಲ್ಲಿ ಹೋದರೆ ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಡುತ್ತಾರೆ. ಹಿಂದಿನ ದಿನ ಸಂಜೆ ಹೋಗಿ. ಮೇಲೆ ಹೇಳಿದ ಜಾಗಗಳಲ್ಲಿ ಬಿರುಕು ನೋಡಿ, ಅಡಿ ತಿರುಗಿಸಿ ನೋಡಿ, ಎಲ್ಲ ಬಕಲ್ ಹಾಕಿ ತೆಗೆದು ನೋಡಿ, ಲೈನರಿನ ಬೆರಳ ತುದಿಗೆ ಕೈ ಹಾಕಿ ಒದ್ದೆ ಇದೆಯೋ ಮುಟ್ಟಿ ನೋಡಿ. ಹಾಕಿಕೊಂಡು ನೆಟ್ಟಗೆ ನಿಂತಾಗ ಬೆರಳು ಮುಂದೆ ಸವರಬೇಕು. ಮೊಣಕಾಲು ಬಾಗಿಸಿದ ಕೂಡಲೇ ಹಿಂದೆ ಸರಿಯಬೇಕು. ಮುಂದೆ ಬಾಗಿದಾಗ ಹಿಮ್ಮಡಿ ಮೇಲೇಳಬಾರದು. ಹತ್ತು ನಿಮಿಷ ಹಾಕಿಕೊಂಡೇ ಕುಳಿತು ಚಾ ಕುಡಿಯಿರಿ. ಒಂದೇ ಜಾಗದಲ್ಲಿ ಚುಚ್ಚಿದರೆ ಬೇರೆ ಕೇಳಿ, ನಾಚಿಕೆ ಬೇಡ. ಎಲ್ಲ ಕಡೆ ಬಿಗಿ ಅನ್ನಿಸಿದರೆ ಅದು ಒಳ್ಳೆಯ ಲಕ್ಷಣ.

ಬೂಟಿನೊಳಗೆ ಹೋಗಬೇಕಾದ್ದು ಒಂದೇ ಒಂದು ತೆಳು ಉಣ್ಣೆಯ ಸಾಕ್ಸ್, ಮೊಣಕಾಲಿನ ತನಕ ಬರುವಂಥದ್ದು. ಅದನ್ನು ಮಾತ್ರ ಸ್ವಂತ ಕೊಳ್ಳಿ, ಎರಡು ಜೊತೆ. ಒಂದು ಒಣಗುವಾಗ ಇನ್ನೊಂದು. ಥರ್ಮಲ್ ಪ್ಯಾಂಟಿನ ತುದಿ ಬೂಟಿನೊಳಗೆ ತುರುಕಬೇಡಿ. ಆ ಮಡಿಕೆ ಸಂಜೆಯೊಳಗೆ ಮೊಣಗಂಟಿನ ಕೆಳಗಿನ ಎಲುಬಿನ ಮೇಲೆ ಗೆರೆ ಎಳೆದಿರುತ್ತದೆ.

ಬೈಂಡಿಂಗ್ ಹೊಂದಿಸುವಾಗ ತೂಕ, ಎತ್ತರ, ವಯಸ್ಸು, ಎಷ್ಟು ಕಲಿತಿದ್ದೀರಿ ಎಂದು ಕೇಳುತ್ತಾರೆ, ಕೇಳಬೇಕು. ತೂಕ ನಿಜ ಹೇಳಿ. ಐದು ಕಿಲೋ ಕಡಿಮೆ ಹೇಳುವವರು ತುಂಬಾ ಜನ, ಹೆಂಗಸರು ಮಾತ್ರ ಅಲ್ಲ. ಬೂಟಿನ ಹಿಮ್ಮಡಿಯ ಪಕ್ಕದಲ್ಲಿ ಮಿಲಿಮೀಟರಿನಲ್ಲಿ ಅಡಿಯ ಉದ್ದ ಕೊರೆದಿರುತ್ತದೆ, ಅದೂ ಲೆಕ್ಕಕ್ಕೆ ಬೇಕು. ಮಧ್ಯದಲ್ಲಿ ಬೂಟು ಬದಲಾಯಿಸಿದರೆ ಬೈಂಡಿಂಗ್ ಮತ್ತೆ ಹೊಂದಿಸಲೇಬೇಕು. ಗೆಳತಿಯ ಬೂಟು ನೀವು, ನಿಮ್ಮ ಬೂಟು ಗೆಳತಿ ಹಾಕಿಕೊಂಡು ಹೊರಡಬೇಡಿ. ಈಚೆಗೆ ಗ್ರಿಪ್‌ವಾಕ್ ಎಂಬ, ಮುಂಭಾಗ ಸ್ವಲ್ಪ ಬಾಗಿದ ರಬ್ಬರ್ ಅಡಿಯ ಬೂಟುಗಳು ಬಂದಿವೆ. ನಡೆಯಲು ಸುಖ. ಆದರೆ ಅದಕ್ಕೆಂದೇ ಗುರುತು ಇರುವ ಬೈಂಡಿಂಗ್ ಬೇಕು, ಹಳೆಯದಕ್ಕೆ ಹೊಂದುವುದಿಲ್ಲ. 19 ಮಿಲಿಮೀಟರಿನ ಲೆಕ್ಕವೂ ಅದಕ್ಕೆ ಅಲ್ಲ.

ಇನ್ನೊಂದು ಮಾತು. ರಾತ್ರಿ ಕೋಣೆಯಲ್ಲಿ ಬುಖಾರಿ, ಅಂದರೆ ಕೋಣೆ ಬೆಚ್ಚಗಿಡುವ ಒಲೆ, ಉರಿಯುತ್ತಿರುತ್ತದೆ. ಬೂಟು ಒಣಗಲಿ ಎಂದು ಅದರ ಪಕ್ಕ ಇಡಬೇಡಿ. ಶೆಲ್ ಸೊಟ್ಟಗಾಗುತ್ತದೆ, ಲೈನರ್ ಸುಟ್ಟುಹೋಗುತ್ತದೆ, ದಂಡ ನೀವು ಕಟ್ಟಬೇಕು. ಲೈನರ್ ಹೊರಗೆ ತೆಗೆದು ಕೋಣೆಯ ಇನ್ನೊಂದು ಮೂಲೆಯಲ್ಲಿಟ್ಟರೆ ಬೆಳಗ್ಗೆಗೆ ಒಣಗಿರುತ್ತದೆ.

ರಿಪೇರಿ ಎಂದರೇ ನನಗೆ ಆಗುವುದಿಲ್ಲ ಎಂದು ಬೇರೆ ಓದುಗರು ಎಣಿಸುವುದು ಬೇಡ. ನನ್ನ ಹೊಟ್ಟೆಪಾಡೇ ರಿಪೇರಿ. ಶೆಲ್ ಹತ್ತು ವರ್ಷದ ಒಳಗಿನದ್ದು, ಬಿರುಕಿಲ್ಲ, ಪಾದಕ್ಕೆ ಸರಿ ಕೂರುತ್ತದೆ, ಅಡಿ ಸ್ಕ್ರೂವಿನದ್ದು ಎಂದಾದರೆ ಬಕಲ್, ಅಡಿ, ಲೈನರ್ ಮೂರನ್ನೂ ಬದಲಾಯಿಸಿ ಎಂದೇ ಹೇಳುತ್ತೇನೆ. ಹೊಸ ಬೂಟಿನ ಬೆಲೆಯ ಮೂರರಲ್ಲೊಂದು ಪಾಲು ದಾಟದಿದ್ದರೆ ಖರ್ಚು ಸಾರ್ಥಕ. ಅಂಥ ಬೂಟನ್ನು ಅಟ್ಟದಲ್ಲಿ ಇಡಬೇಡಿ. ಲೈನರ್ ಪೂರ್ತಿ ಒಣಗಿಸಿ, ಒಳಗೆ ಹಾಕಿ, ಬಕಲ್ ಸಡಿಲವಾಗಿ ಮುಚ್ಚಿ, ಮನೆಯೊಳಗೆ ಗಾಳಿಯಾಡುವ ಕಪಾಟಿನಲ್ಲಿಡಿ. ಒದ್ದೆ ಇರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವವನ್ನು ನೀವೇ ಕೂಡಿಟ್ಟ ಹಾಗೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಮುಟ್ಟಿ ನೋಡಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಹೆಸರು ಮಾಡಿದ ಕ್ರಾಸ್ ಕಂಟ್ರಿ ಸ್ಕೀಯಿಂಗಿನ, ಅಂದರೆ ಹಿಮದ ಮೇಲೆ ದೂರ ಸಾಗುವ ಸ್ಕೀಯಿಂಗಿನ ಬೂಟು ಬೇರೆಯೇ ಜಾತಿಯದ್ದು. ಹಗುರ, ಮೆತ್ತಗೆ, ಹಿಮ್ಮಡಿ ಬಿಡುಗಡೆಯಾಗಿ ಏಳುವಂಥದ್ದು. ಇಲ್ಲಿ ಬರೆದ ಲೆಕ್ಕ ಅದಕ್ಕೆ ಹಿಡಿಯಬೇಡಿ.

ಅಕ್ಕ, ಗುಲ್ಮಾರ್ಗಿನ ವಾರ ಮುಗಿದ ಮೇಲೆ ಮುಂದಿನ ವರ್ಷವೂ ಹೋಗಲೇಬೇಕು ಅನ್ನಿಸಿದರೆ ಆಗ ಬರೆಯಿರಿ. ಹಲಗೆ ಕೊಳ್ಳುವ ಮೊದಲು ಬೂಟು ಕೊಳ್ಳಬೇಕು, ಅದೂ ಕಾಲಿಟ್ಟು ನೋಡಿಯೇ ಕೊಳ್ಳಬೇಕು. ಅದೊಂದು ಬೇರೆ ಪುರಾಣ. ಅತ್ತಿಗೆಯ ಬೂಟನ್ನು ಗುಜರಿಗೆ ಹಾಕುವ ಮೊದಲು ಚೆನ್ನಾಗಿರುವ ಬಕಲ್‌ಗಳನ್ನು, ಮೇಲಿನ ಪಟ್ಟಿಯನ್ನು ಬಿಚ್ಚಿ ಇಟ್ಟುಕೊಳ್ಳಿ. ನನ್ನಂಥವರ ಅಂಗಡಿಯಲ್ಲಿ ಅದಕ್ಕೆ ಕೆಲಸ ಇದೆ. ಶೆಲ್ಲನ್ನು ಮಾತ್ರ ಇನ್ನೊಬ್ಬರಿಗೆ ಹಾಗೇ ಕೊಟ್ಟುಬಿಡಬೇಡಿ. ಕೊಡುವ ಮೊದಲು ಗರಗಸ ಹಿಡಿದು ಕಫ್ ಕತ್ತರಿಸಿಬಿಡಿ.